ನಲವತ್ತೊಂದರ ನಂತರ ನಲವತ್ತಾರು

ತಪ್ಪು ಅಳತೆಯೆಂದರೆ ಮೂಗಯ್ಯನಿಗೆ ವಾಕರಿಕೆ. ಬ್ಲೌಸ್ ಹೊಲಿಯುವ ಹೆಂಡತಿ ಪುಟ್ಟಲಿಂಗಮ್ಮ ಅರ್ಧ ಇಂಚನ್ನು ಅಂದಾಜಿನಲ್ಲಿ ಕತ್ತರಿಸಿದರೆ ಸಾಕು, ವಿದ್ಯಾರಣ್ಯಪುರಂನ ಆ ಎರಡು ಕೋಣೆಯ ಮನೆಯಲ್ಲಿ ಅಂದು ಊಟದ ಹೊತ್ತಿಗೆ ಮಾತಿರುತ್ತಿರಲಿಲ್ಲ. ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬಿಗೆ ಕಸ ಗುಡಿಸಲು ಸೇರಿದವನು, ಮಸೂರ ಒರೆಸುವುದನ್ನೂ ತಂತಿ ಬೆಸೆಯುವುದನ್ನೂ ನೋಡಿ ನೋಡಿಯೇ ಕಲಿತು ಅಟೆಂಡರ್ ಆದ. ಅಂಥವನ ಕೈಯಿಂದಲೇ ಒಂದು ತಪ್ಪು ಅಳತೆ ಹುಟ್ಟಿತ್ತು.

ಒಂಬತ್ತು ವರ್ಷದ ಹಿಂದೆ, ಬೆಳಕಿನ ವೇಗ ಅಳೆಯುವ ಬೆಂಚಿನ ಮರದ ಸ್ಕೇಲಿಗೆ ಗೆದ್ದಲು ಹಿಡಿಯಿತು. ಹೊಸದು ಬೇಕೆಂದು ಮೂರು ಸಲ ಬರೆಸಿಕೊಟ್ಟ. "ನೋಡೋಣ ಮೂಗಯ್ಯ, ಸದ್ಯಕ್ಕೆ ಏನಾದ್ರೂ ಮಾಡು" ಎಂದ ಲೆಕ್ಚರರ್ ಸ್ವರೂಪ್. ಮೂಗಯ್ಯ ಹುಳು ತಿಂದ ನಾಲ್ಕು ಸೆಂಟಿಮೀಟರ್ ಕೊಯ್ದು ಬಿಸಾಕಿ, ಉಳಿದೆರಡು ತುಂಡುಗಳನ್ನು ಅಂಟಿಸಿ ಬೆಂಚಿಗೆ ಮೊಳೆ ಹೊಡೆದ. ನಲವತ್ತೊಂದರ ಪಕ್ಕದಲ್ಲಿ ನಲವತ್ತಾರು ಬಂದು ಕೂತಿತು. ನಾಳೆ ಯಾರಾದರೂ ಕೂಗಾಡುತ್ತಾರೆ, ಹೊಸ ಸ್ಕೇಲು ಬರುತ್ತದೆ ಎಂಬುದು ಅವನ ಎಣಿಕೆ.

ಯಾರೂ ಕೂಗಾಡಲಿಲ್ಲ. ಬೆಳಕು ಬೆಂಚಿನ ಈ ತುದಿಯಿಂದ ಆ ತುದಿ ಮುಟ್ಟಲು ಹಿಡಿದ ಸಮಯವನ್ನು ಯಂತ್ರ ತೋರಿಸುತ್ತದೆ. ದೂರವನ್ನು ಸ್ಕೇಲಿನಲ್ಲಿ ನೋಡಿ ಭಾಗಿಸಬೇಕು. ಆ ಸ್ಕೇಲನ್ನು ನಂಬಿ ಭಾಗಿಸಿದರೆ ಸೆಕೆಂಡಿಗೆ ಮೂರು ಲಕ್ಷದ ಹನ್ನೆರಡು ಸಾವಿರ ಕಿಲೋಮೀಟರ್ ಬರಲೇಬೇಕು. ವಿದ್ಯಾರ್ಥಿಗಳ ರೆಕಾರ್ಡುಗಳಲ್ಲಿ ಮಾತ್ರ ವರ್ಷ ವರ್ಷವೂ ಪಠ್ಯಪುಸ್ತಕದ್ದೇ ಉತ್ತರ, ಮೂರು ಲಕ್ಷಕ್ಕೆ ಚೂರು ಕಡಿಮೆ. ಹಿಂದಿನ ವರ್ಷದವರ ರೆಕಾರ್ಡು ಸಮೋಸದ ಎಣ್ಣೆ ಕಲೆಯ ಸಮೇತ ಮುಂದಿನವರ ಕೈಗೆ ಬರುತ್ತಿತ್ತು. ಮೊದಲು ಉತ್ತರ ಬರೆದು, ಆಮೇಲೆ ಅದಕ್ಕೆ ತಕ್ಕ ಅಳತೆ ಹುಟ್ಟಿಸುತ್ತಿದ್ದರು. ಸ್ವರೂಪ್ ಹಸಿರು ಶಾಯಿಯಲ್ಲಿ ಸಹಿ ಹಾಕುತ್ತಿದ್ದ. ಆ ಸಹಿ ಕಂಡರೆ ಮೂಗಯ್ಯನಿಗೆ ಎಂಜಲೆಲೆ ಕಂಡಂತಾಗುತ್ತಿತ್ತು. ಆದರೆ ಬಾಯಿ ಬಿಟ್ಟರೆ ಸ್ಕೇಲು ಕೊಯ್ದವನು ತಾನೇ ಎಂಬುದೂ ಹೊರಬೀಳುತ್ತಿತ್ತು. ತನ್ನ ಮೇಲೂ ಹೇಸಿಕೆಯಾಗುತ್ತಿತ್ತು, ಆದರೂ ಸುಮ್ಮನಿದ್ದ.

ಈ ವರ್ಷ, ಅವನ ನಿವೃತ್ತಿಗೆ ಎರಡು ತಿಂಗಳಿರುವಾಗ, ತೇಜಸ್ವಿನಿ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸಾರ್, ನಂಗೆ ಹನ್ನೆರಡು ಸಾವಿರ ಜಾಸ್ತಿ ಬರ್ತಿದೆ. ಐದು ಸಲ ನೋಡ್ದೆ. ಬೆಳಕಿನ ವೇಗ ನಿಜವಾಗ್ಲೂ ಎಲ್ಲಾ ಕಡೆ ಒಂದೇನಾ?"

"ಒಂದೇ ಕಣಮ್ಮ. ನಮ್ ಲ್ಯಾಬಿಗೆ ಬಂದ್ಬುಟ್ಟು ಜಾಸ್ತಿ ಓಡೋಕೆ ಅದಕ್ಕೇನು ಹುಚ್ಚಾ?" ಎಂದ ಸ್ವರೂಪ್. ತರಗತಿ ನಕ್ಕಿತು. "ನಾಳೆ ತಿದ್ಕೊಂಡು ಬಾ. ಇಲ್ದಿದ್ರೆ ಸಹಿ ಇಲ್ಲ. ಸಹಿ ಇಲ್ದೆ ಪರೀಕ್ಷೆಗೆ ಕೂರಂಗಿಲ್ಲ."

ಮಾರನೆಯ ದಿನ ಅವಳು ರಬ್ಬರ್ ಹಿಡಿದು ಕೂತಿದ್ದಳು. ಮೂಗಯ್ಯ ಜೇಬಿನಿಂದ ಪುಟ್ಟಲಿಂಗಮ್ಮನ ಹೊಲಿಗೆ ಟೇಪು ತೆಗೆದ.

"ಅಳಿಸ್ಬ್ಯಾಡ ಕಣವ್ವ. ತಪ್ಪು ನಿಂದೂ ಅಲ್ಲ, ಬೆಳಕಿಂದೂ ಅಲ್ಲ. ಇದ್ರಲ್ಲಿ ಅಳ್ದು ನೋಡು."

ಸ್ಕೇಲಿನಲ್ಲಿ ನೂರು ಸೆಂಟಿಮೀಟರ್ ಎಂದಿದ್ದದ್ದು ಟೇಪಿನಲ್ಲಿ ತೊಂಬತ್ತಾರಿತ್ತು. ಅವಳು ಬೆರಳಾಡಿಸಿ ಅಂಟಿಸಿದ ಜಾಗವನ್ನು ಹುಡುಕಿದಳು. ಅಷ್ಟರಲ್ಲಿ ಸ್ವರೂಪ್ ಬಂದ.

"ಯಾರು ಕೊಯ್ದಿದ್ದು ಇದನ್ನ?"

"ನಾನೇ ಸಾರ್. ಒಂಬತ್ತು ವರ್ಸ ಆಯ್ತು."

"ಒಂಬತ್ತು ವರ್ಷ! ಬಾಯಲ್ಲಿ ಏನಿಟ್ಕೊಂಡಿದ್ದೆ?"

"ನಂದು ತಪ್ಪೇ ಸಾರ್. ನೀವು ಅಷ್ಟೂ ವರ್ಸ ಸೈನ್ ಹಾಕುದ್ರಲ್ಲ, ಕಣ್ಣಲ್ಲಿ ಏನಿಟ್ಕೊಂಡಿದ್ರಿ?"

ತೇಜಸ್ವಿನಿ ಟೇಪಿನ ಅಳತೆಯಿಂದ ಮತ್ತೆ ಭಾಗಿಸಿದಳು. ಮೂರು ಲಕ್ಷಕ್ಕೆ ಚೂರು ಕಡಿಮೆ ಬಂತು. ಉಳಿದ ಮೂವತ್ತು ಜನ ಕದ್ದು ಬರೆದಿದ್ದ ಉತ್ತರವೂ ಅದೇ. ಸ್ವರೂಪ್ ಎಲ್ಲಕ್ಕೂ ಒಂದೇ ಉಸಿರಿನಲ್ಲಿ ಸಹಿ ಹಾಕಿದ, ಅವಳ ಪುಟವನ್ನೂ ಓದದೆ.

ಸಂಜೆಯೊಳಗೆ ಮೂಗಯ್ಯನ ಕೈಗೆ ನೋಟಿಸ್ ಬಂತು: ಕಾಲೇಜಿನ ಸಲಕರಣೆ ಹಾಳುಮಾಡಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಹೊಸ ಸ್ಕೇಲಿನ ಮಾತನ್ನು ಯಾರೂ ಎತ್ತಲಿಲ್ಲ. ಅವನು ನೋಟಿಸಿನ ಹಿಂಬದಿಯಲ್ಲೇ ಬರೆದುಕೊಟ್ಟ: ಕೊಯ್ದದ್ದು ನಿಜ, ಮುಚ್ಚಿಟ್ಟದ್ದು ನಿಜ, ಯಾರೂ ಅಳೆಯಲಿಲ್ಲ ಎಂಬುದೂ ನಿಜ.

ಮನೆಯಲ್ಲಿ ಪುಟ್ಟಲಿಂಗಮ್ಮ ಬಟ್ಟೆಯ ರಾಶಿ ಕೆದಕುತ್ತಿದ್ದಳು.

"ನನ್ ಟೇಪು ಎಲ್ಲಿ ಮಡಗಿದ್ರಿ?"

"ಆ ಬೆಂಚಿಗೆ ಮೊಳೆ ಹೊಡ್ದು ಬಂದೆ," ಎಂದು ಮೂಗಯ್ಯ ಕೈ ತೊಳೆಯಲು ಹೋದ. "ನಿಂಗೆ ಬೇರೆ ತಂದ್ಕೊಡ್ತೀನಿ."