ಅಮ್ಮನ ದನಿ ಇದ್ದ ಮೇಲ್‌ಗಳು

ಗಂಟಲಿನ ಆಪರೇಷನ್ ಆದ ಮೇಲೆ ಅಮ್ಮನಿಗೆ ದನಿ ಇರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. "ಈಗಲೇ ಅವರ ಮಾತು ರೆಕಾರ್ಡ್ ಮಾಡಿಟ್ಟುಕೊಳ್ಳಿ" ಎಂದವರೂ ಅವರೇ. ತಮಿಳು ಸೀಮೆಯ ನಮ್ಮೂರು ನೆಗಮಂನ ಮನೆಯಲ್ಲಿ ಅಮ್ಮ ಮಗ್ಗದ ಮುಂದೆ ಕೂತು ಎಳೆ ಕಿತ್ತುಹೋದದ್ದಕ್ಕೆ ಬೈಯುವುದು, ಅಪ್ಪನನ್ನು ಊಟಕ್ಕೆ ಕೂಗುವುದು, ಎದುರುಮನೆಯವರ ಜೊತೆ ತಮಿಳಿನಲ್ಲಿ ಹರಟುತ್ತ ನನ್ನ ಕಡೆ ತಿರುಗಿದ ಕೂಡಲೇ ಕನ್ನಡಕ್ಕೆ ಬರುವುದು, ಎಲ್ಲವನ್ನೂ ಫೋನಿನಲ್ಲಿ ಹಿಡಿದೆ. ಹಳೆಯ ಫೋನು, ಯಾವಾಗ ಕೆಡುತ್ತದೋ ಎಂದು ಒಂದೊಂದನ್ನೂ ನನಗೆ ನಾನೇ ಮೇಲ್ ಮಾಡಿಕೊಂಡೆ. ಆಪರೇಷನ್ ಆಗಿ ಅಮ್ಮನ ದನಿ ಹೋದ ಮೇಲೆ ಆ ಫೋನು ನಿಜಕ್ಕೂ ಕೆಟ್ಟಿತು. ಮೇಲ್ ಇದೆಯಲ್ಲ ಎಂಬ ಧೈರ್ಯ ನನಗಿತ್ತು.

ಪಟ್ಟಣದಲ್ಲಿ, ಗಾಂಧಿಪುರಂನ ಸೀರೆ ಅಂಗಡಿಯೊಂದರಲ್ಲಿ ನನಗೆ ಬಿಲ್ಲಿಂಗ್ ಕೆಲಸ; ವಾಸವೂ ಅಲ್ಲೇ. ಒಂದು ಮಧ್ಯಾಹ್ನ ಹೊಸ ಫೋನಿನಲ್ಲಿ, ಮೇಲ್‌ನ ಜಾಗ ತುಂಬಿದೆ ಎಂಬ ಎಚ್ಚರಿಕೆ ಬಂತು. ದೊಡ್ಡ ದೊಡ್ಡ ಮೇಲ್‌ಗಳನ್ನು ಆರಿಸಿ ಅಳಿಸಿದೆ. ಅಳಿಸಿದವು ಹೋಗಿ ಸೇರುವ ಟ್ರ್ಯಾಶನ್ನೂ ಖಾಲಿ ಮಾಡಿದೆ. ಅಮ್ಮನ ರೆಕಾರ್ಡಿಂಗುಗಳೂ ಅದರಲ್ಲಿದ್ದವು. ಫೋನಿನಿಂದ ತಾನೇ ಹೋಗುವುದು, ಊರಿನ ಮನೆಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಇದ್ದೇ ಇರುತ್ತವೆ ಎಂದುಕೊಂಡಿದ್ದೆ.

ಏನೋ ಅನುಮಾನ ಬಂದು ಅಂಗಡಿಯ ಕಂಪ್ಯೂಟರಿನಲ್ಲಿ ಮೇಲ್ ತೆರೆದೆ. ಅಲ್ಲೂ ಇಲ್ಲ. 

ಪಕ್ಕದ ಕೌಂಟರಿನ ಗೆಳತಿಯನ್ನು ಕರೆದೆ. ಅವಳು ತಮಿಳಿನಲ್ಲಿ ಮೆಲ್ಲಗೆ ವಿವರಿಸಿದಳು: "ಮೇಲ್ ನಿನ್ನ ಫೋನಿನಲ್ಲಿ ಇರಲ್ಲ, ಮೇಲ್ ಕೊಡೋ ಕಂಪನಿಯ ಸರ್ವರ್‌ನಲ್ಲಿ, ಅಂದ್ರೆ ಅವರ ಕಂಪ್ಯೂಟರಲ್ಲಿ ಇರುತ್ತೆ. ಅಲ್ಲಿ ಏನಿದೆಯೋ ಅದನ್ನೇ ಎಲ್ಲಾ ಕಡೆ ತೋರಿಸೋದು. ನೀನು ಅಳಿಸಿದ್ದು ಅಲ್ಲಿಂದಲೇ ಹೋಯ್ತು. ಟ್ರ್ಯಾಶ್‌ನಲ್ಲಿ ಬಿಟ್ಟಿದ್ದರೆ ವಾಪಸ್ ತೆಗೀಬಹುದಿತ್ತು."

"ಊರಿನ ಲ್ಯಾಪ್‌ಟಾಪ್‌ನಲ್ಲಿ?"

"ಅದನ್ನ ಇವತ್ತು ಯಾರೂ ತೆರೆದಿಲ್ಲ ಅಂದ್ರೆ ಅದರೊಳಗೆ ಹಳೇ ಪ್ರತಿ ಇರುತ್ತೆ. ನೆಟ್ ಸಿಕ್ಕ ಕೂಡಲೇ ಅಲ್ಲೂ ಅಳಿಸಿಹೋಗುತ್ತೆ."

ಅಮ್ಮ ದಿನಾ ಸಂಜೆ ಮಗ್ಗದಿಂದ ಎದ್ದು, ಗಂಟಲಿನ ವ್ಯಾಯಾಮದ ವಿಡಿಯೊ ನೋಡಲು ಅದೇ ಲ್ಯಾಪ್‌ಟಾಪ್ ತೆರೆಯುತ್ತಾಳೆ. ಆನ್ ಆದರೆ ಸಾಕು, ಮೇಲ್ ತಾನಾಗಿ ಶುರುವಾಗುವಂತೆ ಮಾಡಿಟ್ಟವಳು ನಾನೇ. ಅಳಿಸಿದ ಮೇಲ್ ಮರಳಿಸಿಕೊಡಿ ಎಂದು ಗೆಳತಿ ನನ್ನ ಪರವಾಗಿ ಕಂಪನಿಗೆ ಬರೆಯುತ್ತಿದ್ದಂತೆ ನಾನು ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಲಿಲ್ಲ. ಮಗ್ಗದ ಸದ್ದಿನಲ್ಲಿ ಅವಳಿಗೆ ಫೋನು ಕೇಳುವುದಿಲ್ಲ. ಅಪ್ಪ ನೂಲು ತರಲು ಪೊಳ್ಳಾಚಿಗೆ ಹೋಗಿದ್ದರು.

ರಜೆ ಹೇಳಿ ಓಡಿದೆ. ಉಕ್ಕಡಂ ನಿಲ್ದಾಣದಲ್ಲಿ ಊರಿನ ಬಸ್ ಹತ್ತಿದೆ. ದಾರಿಯುದ್ದಕ್ಕೂ ಫೋನ್ ಮಾಡುತ್ತಲೇ ಇದ್ದೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ಬಿಸಿಲು ಇಳಿದಷ್ಟೂ ಮಗ್ಗ ನಿಲ್ಲುವ ಹೊತ್ತು ಹತ್ತಿರ ಬರುತ್ತಿತ್ತು. ಅರ್ಧ ದಾರಿಯಲ್ಲಿ, ಕಿಣತ್ತುಕಡವು ಬರುವಾಗ ಅಮ್ಮ ಫೋನ್ ಎತ್ತಿದಳು. ಆಪರೇಷನ್ ಆದಂದಿನಿಂದ ನಮ್ಮಲ್ಲೊಂದು ಒಪ್ಪಂದವಿತ್ತು. ಹೌದು ಎನ್ನಲು ಫೋನಿನ ಮೇಲೆ ಬೆರಳಿನಿಂದ ಒಂದು ಸಲ ತಟ್ಟುವುದು, ಇಲ್ಲ ಎನ್ನಲು ಎರಡು ಸಲ.

"ಅಮ್ಮಾ, ಲ್ಯಾಪ್‌ಟಾಪ್ ತೆಗ್ದ್ಯಾ?"

ಒಂದು ಸಲ ತಟ್ಟಿದಳು. ಮತ್ತೆ ತಟ್ಟುತ್ತಾಳೇನೋ ಎಂದು ಕಾದೆ. ತಟ್ಟಲಿಲ್ಲ.

"ಮುಚ್ಚಮ್ಮಾ! ಮೊದ್ಲು ಗೋಡೇಲಿರೋ ನೆಟ್ ಪೆಟ್ಟಿಗೆ ಆಫ್ ಮಾಡು. ಸೀಕ್ರಂ, ಬೇಗ! ಆಮೇಲೆ ಲ್ಯಾಪ್‌ಟಾಪ್ ಮುಟ್ಬ್ಯಾಡ, ನಾನ್ ಬರ್ತಾ ಇದೀನಿ."

ನನ್ನ ಕೂಗಿಗೆ ಪಕ್ಕದ ಸೀಟಿನ ಹೆಂಗಸು ಬೆಚ್ಚಿ ನೋಡಿದಳು. ಆ ಕಡೆ ಏನೋ ಬಿದ್ದ ಸದ್ದಾಯಿತು. ಕೂಗಲು ಬಾರದ ಅಮ್ಮನನ್ನು ಹೀಗೆ ಹೆದರಿಸಿದೆನಲ್ಲ, ಎಲ್ಲಿ ಜಾರಿ ಬಿದ್ದಳೋ ಎಂದು ಇನ್ನೊಂದು ಭಯ ಹತ್ತಿಕೊಂಡಿತು.

ಮನೆ ಮುಟ್ಟಿದಾಗ ಅಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಬಿದ್ದದ್ದು, ನೆಟ್ ಪೆಟ್ಟಿಗೆ ಆರಿಸಲು ಅವಳು ಎಳೆದ ಸ್ಟೂಲು. ಅವಳ ಮುಖ ಬಿಳಿಚಿತ್ತು. ತಮಿಳು ಅಕ್ಷರದಲ್ಲಿ ಕನ್ನಡ ಬರೆಯುವುದು ಅವಳ ರೂಢಿ. ದನಿ ಹೋದಂದಿನಿಂದ ಜೊತೆಗಿರುವ ಸ್ಲೇಟಿನ ಮೇಲೆ ಬರೆದು ತೋರಿಸಿದಳು: "ಅಪ್ಪನಿಗೆ ಏನಾಯ್ತು?"

"ಅಪ್ಪನಿಗೆ ಏನೂ ಆಗಿಲ್ಲ. ನಿನ್ ಮಾತೆಲ್ಲ ಅಳ್ಸಿಬಿಟ್ಟೆ ಅಮ್ಮಾ" ಎಂದೆ.

ಅವಳು ಗೋಡೆಗೆ ಒರಗಿ ಕೂತಳು. ಆಮೇಲೆ ಒಳಗೆ ಹೋಗು ಎಂದು ಕೈಸನ್ನೆ ಮಾಡಿದಳು.

ನೆಟ್ ಇಲ್ಲದೆ ಲ್ಯಾಪ್‌ಟಾಪ್ ತೆರೆದೆ. ಇನ್‌ಬಾಕ್ಸಿನಲ್ಲಿ ಅಮ್ಮನ ಒಂದು ಮೇಲೂ ಇರಲಿಲ್ಲ. ಎಡಗಡೆ, ನಾನೇ ಎಂದೋ ಮಾಡಿದ ಬೇರೆ ಫೋಲ್ಡರ್ ಒಂದಿತ್ತು. ಹೆಚ್ಚಿನ ರೆಕಾರ್ಡಿಂಗುಗಳನ್ನು ಅದಕ್ಕೆ ಸರಿಸಿಟ್ಟಿದ್ದೆ. ಒತ್ತಲು ಕೈ ಬರಲಿಲ್ಲ. ಒತ್ತಿದರೆ, ಇದ್ದವು. ಮೊದಲು ಇನ್‌ಬಾಕ್ಸ್ ಹೊಸದಾಗುತ್ತದೆ, ಉಳಿದ ಫೋಲ್ಡರುಗಳನ್ನು ನಾವು ತೆರೆದಾಗಷ್ಟೇ ನೋಡುತ್ತದೆ ಎಂದು ಗೆಳತಿ ಆಮೇಲೆ ಹೇಳಿದಳು. ಅಮ್ಮ ನೆಟ್ ಆರಿಸಿದ್ದರಿಂದ ಅಷ್ಟು ಉಳಿಯಿತು. ಒಂದೊಂದನ್ನೂ ಪೆನ್‌ಡ್ರೈವಿಗೆ ಹಾಕಿ, ಕೇಳಿ ನೋಡಿ, ಮುಂದಿನದಕ್ಕೆ ಹೋದೆ. ಮನೆ ತುಂಬ ಅಮ್ಮನ ಬೈಗುಳ. ಪಕ್ಕದಲ್ಲಿ ಅಮ್ಮ ಸದ್ದಿಲ್ಲದೆ ಕೂತಿದ್ದಳು.

ಹೋದವುಗಳಲ್ಲಿ ಆಪರೇಷನ್ ದಿನದ ಬೆಳಗಿನದೂ ಒಂದು. ಕಣ್ಣೆದುರೇ ಇರಲಿ ಎಂದು ಅದನ್ನು ಫೋಲ್ಡರಿಗೆ ಸರಿಸುವ ಮನಸ್ಸೇ ಬಂದಿರಲಿಲ್ಲ. "ಆಗ ನಾನೇನು ಅಂದಿದ್ದೆ?" ಎಂದು ಅಮ್ಮ ಬರೆದು ಕೇಳಿದಳು.

"ಅಡುಗೆಮನೆ ಬಾಗ್ಲು ಹಾಕಿದ್ಯಾ, ಬೆಕ್ಕು ಹಾಲ್ ಕುಡ್ದ್‌ಬಿಡುತ್ತೆ ಅಂತ ನೀನ್ ಅಂದೆ."

ಅವಳಿಗೆ ನೆನಪಿರಲಿಲ್ಲ. ಈಗ ಅದು ನೆನಪಿರುವುದು ನನಗೊಬ್ಬಳಿಗೇ.

ಒಮ್ಮೆ ಪೂರ್ತಿ ಅಳಿಸಿದ್ದನ್ನು ಮರಳಿಸಲಾಗದು ಎಂದು ಕಂಪನಿಯಿಂದ ಉತ್ತರ ಬಂತು. ಉಳಿದವುಗಳ ಪ್ರತಿ ಅಪ್ಪನ ಫೋನಿನಲ್ಲಿದೆ, ಗೆಳತಿಯ ಬಳಿ ಇದೆ, ಬೀರುವಿನಲ್ಲಿಟ್ಟ ಇನ್ನೊಂದು ಪೆನ್‌ಡ್ರೈವಿನಲ್ಲೂ ಇದೆ. ಆದರೂ ಊರಿಗೆ ಹೋದಾಗಲೆಲ್ಲ ಮೊದಲು ಬೀರು ತೆಗೆದು, ಒಂದನ್ನಾದರೂ ಹಾಕಿ ಕೇಳಿದ ಮೇಲೇ ನಾನು ನೀರು ಕುಡಿಯುವುದು.