ಅಣ್ಣು ಕಟ್ಟಿದ ಹಾವಿನ ಮನೆ

ದೋಹಾದ ಅಬು ಹಮೂರಿನ ಎಷ್ಟೋ ವಿಲ್ಲಾಗಳಲ್ಲಿ ಅಡುಗೆಮನೆಯ ಕಪಾಟಿನ ಬಾಗಿಲು ಮುಟ್ಟಿದರೆ ಸಾಕು, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಅವುಗಳಲ್ಲಿ ಬಹಳಷ್ಟು ಅಣ್ಣುವಿನ ಕೈಕೆಲಸ. ಕಿನ್ನಿಗೋಳಿ ಕಡೆಯ ಈ ಮನುಷ್ಯ ಇಪ್ಪತ್ತಮೂರು ವರ್ಷಗಳಿಂದ ದೋಹಾದಲ್ಲಿ ಮರಗೆಲಸ ಮಾಡುತ್ತಾನೆ. ಮಾತು ಕಡಿಮೆ, ಅಳತೆ ಜಾಸ್ತಿ. ಕೂದಲೆಳೆಯಷ್ಟು ಸಂದು ಕಂಡರೂ ಬಾಗಿಲನ್ನು ಕಳಚಿ ಮತ್ತೆ ಕೂರಿಸದೆ ಅವನಿಗೆ ಊಟ ಸೇರುವುದಿಲ್ಲ. ಇಂಥವನು ಒಂದೇ ಒಂದು ಸಲ, ಗೊತ್ತಿದ್ದೂ ಗೊತ್ತಿದ್ದೂ, ಅರೆಬರೆ ಕೆಲಸ ಮಾಡಿದ. ಅದೂ ಸ್ವಂತ ಮಗಳಿಗಾಗಿ.

ಮಗಳು ತೃಷಾ ಹನ್ನೊಂದನೇ ಕ್ಲಾಸು. ಅವಳ ಗೆಳತಿ ಜೋಆನ್‌ಳ ಮನೆಯವರು ಕತಾರ್ ಬಿಟ್ಟು ಹೊರಟಿದ್ದರು. ಜೋಆನ್ ಸಾಕಿದ್ದ ಕಾರ್ನ್ ಸ್ನೇಕ್ ಮರಿಗೆ ದಿಕ್ಕಿರಲಿಲ್ಲ. ಅಮೆರಿಕ ಮೂಲದ, ವಿಷವಿಲ್ಲದ, ಕಿತ್ತಳೆ ಬಣ್ಣದ, ಮೊಳಕ್ಕಿಂತ ತುಸು ಉದ್ದದ ಮರಿ. "ನಾನೇ ನೋಡ್ಕೊಳ್ತೇನೆ ಪಪ್ಪಾ, ಪ್ಲೀಸ್" ಎಂದು ಹುಡುಗಿ ವಾರವಿಡೀ ಅಪ್ಪನ ಬೆನ್ನು ಬಿಡಲಿಲ್ಲ.

ತಾಯಿ ವಸಂತಿ ಹಾವಿಗೆ ಹೆದರುವವಳಲ್ಲ. ಬಿನ್ ಒಮ್ರಾನಿನಲ್ಲಿ ಅವರಿದ್ದ ಕಟ್ಟಡದಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡಿರುವ ನೆರೆಯವರಿಗೆ ಹೆದರುವವಳು. "ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಒಂದೇ ಒಂದು ಸಲ ಪೆಟ್ಟಿಗೆಯಿಂದ ಹೊರಗೆ ಬಂತೋ, ಖಲಾಸ್. ಮರುದಿನವೇ ಬೇರೆ ಯಾರಿಗಾದ್ರೂ ಕೊಡ್ಬೇಕು," ಎಂದಳು. ತೃಷಾ ಅಮ್ಮನ ತಲೆ ಮುಟ್ಟಿ ಒಪ್ಪಿಕೊಂಡಳು.

ಅಣ್ಣು ಕೆಲಸಕ್ಕಿಳಿದ. ಮಗಳು ಮೊಬೈಲಿನಲ್ಲಿ ಓದಿ ಹೇಳುವುದು, ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳುವುದು. ನಾಲ್ಕಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಪೆಟ್ಟಿಗೆ, ಎದುರಿಗೆ ಸರಿಯುವ ಗಾಜು, ಗಾಜಿಗೆ ಬೀಗ. ದೇವದಾರಿನ ವಾಸನೆ ಹಾವಿಗೆ ಆಗದೆಂದು ಮಗಳು ಹೇಳಿದ್ದೇ ತಡ, ಅದರ ಒಂದು ಚೂರೂ ಹತ್ತಿರ ಸುಳಿಯದಂತೆ ನೋಡಿಕೊಂಡ. ಬಣ್ಣದ ವಾಸನೆ ಹೋಗಲೆಂದು ಪೆಟ್ಟಿಗೆಯನ್ನು ಹತ್ತು ದಿನ ಬಾಲ್ಕನಿಯಲ್ಲಿಟ್ಟು, ದಿನಾ ಬೆಳಿಗ್ಗೆ ಅದರೊಳಗೆ ತಲೆ ತೂರಿಸಿ ಮೂಸಿ ನೋಡುತ್ತಿದ್ದ. ಹಾವು ತನಗೆ ಬೇಕಾದ ಕಡೆ ಸರಿದುಕೊಳ್ಳಲೆಂದು ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು, ನಡುವೆ ನೀರಿನ ಬಟ್ಟಲು, ಹತ್ತಲು ಒಂದು ಕೊಂಬೆ. ಬಿಸಿ ಹೆಚ್ಚಾದರೆ ತಾನಾಗಿ ಆರುವ ಹೀಟರಿನ ಮುಂದೆ ಎರಡು ದಿನ ಥರ್ಮಾಮೀಟರ್ ಹಿಡಿದು ಕೂತಿದ್ದ. "ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ನೀನು ಮನೆಯೊಳಗೆ ಏಸಿ ಹಾಕಿ ಹಾವಿಗೆ ಹೀಟರ್ ಇಡುದಾ ಮಾರಾಯಾ?" ಎಂದು ಜೊತೆಗಾರ ಯೂಜಿನ್ ಬಿದ್ದು ಬಿದ್ದು ನಕ್ಕ. ಅಣ್ಣು ನಗಲಿಲ್ಲ. ಹಾವಿನ ತಿಂಡಿಯಾದ ಹೆಪ್ಪುಗಟ್ಟಿದ ಇಲಿಗಳನ್ನು ಬಂಗುಡೆ ಮೀನಿನ ಪಕ್ಕ ಇಡಲು ವಸಂತಿ ಬಿಡುವುದಿಲ್ಲವೆಂದು ತಿಳಿದು, ಒಂದು ಪುಟ್ಟ ಫ್ರೀಜರನ್ನೂ ಹೊತ್ತು ತಂದ. ಮಕ್ಕಳ ಆಸೆಗೆ ಪೆಟ್ಟಿಗೆ ಕೊಂಡುಕೊಡುವ ಅಪ್ಪಂದಿರು ಬೇಕಾದಷ್ಟಿದ್ದಾರೆ. ಹೀಗೆ ಮೂಸಿ ನೋಡಿ ಮಾಡಿಕೊಡುವವರನ್ನು ನಾನು ಕಂಡಿಲ್ಲ.

ಎಲ್ಲ ಸರಿ, ಆದರೆ ಮುಚ್ಚಳ ಮಾಡಲಿಲ್ಲ.

"ಪಪ್ಪಾ, ಲಿಡ್ ಮಸ್ಟ್ ಅಂತ ಬರೆದಿದೆ," ಎಂದಳು ತೃಷಾ.

"ಎತ್ತರ ಉಂಟಲ್ಲಾ. ಕೊಂಬೆಯಿಂದ ಅಂಚಿಗೆ ಒಂದು ಗೇಣು ಬಿಟ್ಟಿದ್ದೇನೆ. ಗಾಳಿ ಬೇಕು ಅದಕ್ಕೆ."

ಗಾಳಿ ಬರೀ ನೆಪ. ಊರಿನಲ್ಲಿ ಅವರ ಕುಟುಂಬದ ನಾಗಬನಕ್ಕೆ ಮಾಡು, ಎಂದರೆ ಚಾವಣಿ, ಇಲ್ಲ. ಕಲ್ಲಿನ ಮೇಲೆ ಮರದ ನೆರಳು, ಅದರ ಮೇಲೆ ಆಕಾಶ. ವರ್ಷಕ್ಕೊಮ್ಮೆ ನಾಗನಿಗೆ ಪೂಜೆ ಸಲ್ಲಿಸುವ ತಂಬಿಲ ಸೇವೆಗೆ ಹೋದಾಗಲೆಲ್ಲ ಸೋದರಮಾವ ಹೇಳುತ್ತಿದ್ದರು, ನಾಗನ ತಲೆಯ ಮೇಲೆ ಮಾಡು ಕಟ್ಟಬಾರದು ಎಂದು. ಆ ಮಾತು ಅಣ್ಣುವಿನ ಕೈಯನ್ನೇ ಹಿಡಿದುಬಿಟ್ಟಿತ್ತು. ಅಮೆರಿಕದ ಹಾವಿಗೂ ತುಳುನಾಡಿನ ಬನಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಭಯಭಕ್ತಿ ಪಾಸ್‌ಪೋರ್ಟ್ ನೋಡುವುದಿಲ್ಲ.

ಹಾವು ಮನೆಗೆ ಬಂದ ಮೂರನೆಯ ದಿನ, ಶುಕ್ರವಾರ ಬೆಳಿಗ್ಗೆ, ತೃಷಾ ಕೂಗಿಕೊಂಡಳು. ಪೆಟ್ಟಿಗೆ ಖಾಲಿ.

ಹುಡುಗಿ ಹಾಸಿಗೆ ಕೊಡವಿದಳು, ಬೂಟುಗಳನ್ನು ಬೋರಲು ಹಾಕಿದಳು, ಅಳುತ್ತ ಸೋಫಾದ ಕೆಳಗೆ ತೆವಳಿದಳು. ವಸಂತಿ ಬಾಗಿಲಿನ ಸಂದಿಗೆ ಟವೆಲ್ ತುರುಕಿದಳು. ಅಣ್ಣು ಮಾತ್ರ ಅಡುಗೆಮನೆಯ ನಡುವೆ ನಿಂತು ಯೋಚಿಸಿದ. ಪೆಟ್ಟಿಗೆಯಿಂದ ಹೊರಬಿದ್ದ ಮೇಲೆ ಏಸಿಯ ಚಳಿಗೆ ಅದು ಬಿಸಿಯನ್ನೇ ಹುಡುಕಿ ಹೋಗಿರಬೇಕು. ಫ್ರಿಜ್ಜನ್ನು ಮೆಲ್ಲಗೆ ಮುಂದಕ್ಕೆಳೆದ. ಹಿಂದೆ, ಬೆಚ್ಚಗಿನ ಮೋಟರಿನ ಪಕ್ಕ, ಕಿತ್ತಳೆ ಸುರುಳಿ.

ಅವನು ಈವರೆಗೆ ಅದನ್ನು ಮುಟ್ಟಿರಲಿಲ್ಲ. ಮೊದಲು ಕಾಲಿನ ಚಪ್ಪಲಿ ಕಳಚಿದ. ಕೈ ತೊಳೆದು ಒರೆಸಿಕೊಂಡ. ಆಮೇಲೆ ಮಂಡಿಯೂರಿ, ಎರಡೂ ಕೈಗಳಲ್ಲಿ ಅದನ್ನು ಎತ್ತಿಕೊಂಡ. ಹಾವು ಅವನ ಬೆರಳುಗಳ ನಡುವೆ ತಲೆ ತೂರಿಸಿ ಸುಮ್ಮನಾಯಿತು. 

"ಮಾತು ಮಾತೇ," ಎಂದಳು ವಸಂತಿ. "ಜೋಆನ್‌ಗೆ ಫೋನ್ ಮಾಡು. ಬೇರೆ ಯಾರಾದ್ರೂ ಉಂಟಾ ಕೇಳು."

ತೃಷಾ ಅಪ್ಪನ ಕಡೆ ನೋಡಿದಳು. ಸುಮ್ಮನಿದ್ದಿದ್ದರೆ ಅಣ್ಣುವಿನ ಮರ್ಯಾದೆ ಉಳಿಯುತ್ತಿತ್ತು. ಎಷ್ಟು ಗಂಡಸರು ಸುಮ್ಮನಿದ್ದುಬಿಡುತ್ತಾರೆ!

"ತಪ್ಪು ಇದರದ್ದಲ್ಲ, ಇವಳದ್ದೂ ಅಲ್ಲ," ಎಂದ. "ಮುಚ್ಚಳ ಬೇಕು ಅಂತ ಇವಳು ಹೇಳಿದ್ಲು. ನಾನೇ ಮಾಡ್ಲಿಲ್ಲ. ನಾಗನ ತಲೆ ಮೇಲೆ ಮಾಡು ಹಾಕ್ಲಿಕ್ಕೆ ಕೈ ಬರ್ಲಿಲ್ಲ, ವಸಂತಿ."

ವಸಂತಿಯ ಕಣ್ಣು ಗಂಡನ ಬರಿಗಾಲಿಗೆ ಹೋಯಿತು. ಅವಳೂ ಬನಕ್ಕೆ ಕೈಮುಗಿದು ಬೆಳೆದವಳೇ.

"ಅಲ್ಲಿ ನಾಗ ನಮ್ಮನ್ನು ಕಾಯುದು," ಎಂದಳು. "ಇಲ್ಲಿ ಇದನ್ನು ಕಾಯ್ಬೇಕಾದ್ದು ನಾವು. ಫ್ರಿಜ್ಜಿನ ಅಡಿಯಲ್ಲಿ ಸಿಕ್ಕಿ ಸತ್ತಿದ್ರೆ ಆಗ ದೋಷ ಯಾರಿಗೆ? ಇವತ್ತೇ ಮುಚ್ಚಳ ಆಗ್ಬೇಕು. ಯಲ್ಲಾ, ಬೇಗ ಬೇಗ."

ಆ ಮಧ್ಯಾಹ್ನ ಅಣ್ಣು ಉಣ್ಣದೆ ಕೆಲಸ ಮಾಡಿದ. ಮರದ ಚೌಕಟ್ಟಿಗೆ ಗಾಳಿಯಾಡುವ ಸಣ್ಣ ಕಣ್ಣಿನ ಉಕ್ಕಿನ ಬಲೆ ಬಿಗಿದ. ಒಂದು ಕಡೆ ಹಿಂಜು, ಇನ್ನೊಂದು ಕಡೆ ಎರಡು ಚಿಲಕ. ಸುತ್ತಲೂ ಕಾಗದ ತೂರಿಸಿ ಸಂದು ಪರೀಕ್ಷಿಸಿದ. ಎಲ್ಲಿಯೂ ಒಳಗೆ ಹೋಗಲಿಲ್ಲ.

ಹಾವನ್ನು ಒಳಗೆ ಬಿಟ್ಟು ಮುಚ್ಚಳ ಇಳಿಸುವಾಗ ಅವನ ತುಟಿ ಅಲುಗಿತು. "ತಪ್ಪಾಯ್ತು," ಎಂದದ್ದು ಮಗಳಿಗೆ ಕೇಳಿಸಿತು.

"ಯಾರಿಗೆ ಸಾರಿ ಹೇಳಿದ್ದು ಪಪ್ಪಾ? ಊರಿನ ನಾಗನಿಗಾ, ಇದಕ್ಕಾ?"

ಅಣ್ಣು ಎರಡೂ ಚಿಲಕ ಹಾಕಿ, ಮತ್ತೊಮ್ಮೆ ಎಳೆದು ನೋಡಿದ.

"ಇಬ್ಬರಿಗೂ ಮಗಾ."