ಪರದೆಯಿಂದ ಇಳಿಯದ ದೋಣಿ

ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ಏನೋ ಮಾಡಿಬಿಟ್ಟಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಈ ಕೆಲಸದಲ್ಲೇ ತಲೆ ನರೆಸಿಕೊಂಡವಳು ನಾನು. ಅದು ಹೇಳಿದ್ದನ್ನಷ್ಟೇ ಮಾಡುತ್ತದೆ, ನಾವು ತಪ್ಪು ಹೇಳಿ ಅದರ ತಲೆಗೆ ಕಟ್ಟುತ್ತೇವೆ ಎಂದು ಹೊಸಬರಿಗೆ ಪಾಠ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತು. ಆ ಜಂಬ ಈಗ ಇಲ್ಲ. ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ ತಮಿಳು ಕರಾವಳಿಯ ಎಣ್ಣೂರಿನ ಕಡೆಯ ಒಂದು ಮೀನುಗಾರರ ಸಂಘಕ್ಕೆ ನಮ್ಮ ಪುಟ್ಟ ಕಂಪನಿ ಒಂದು ಪ್ರೋಗ್ರಾಮ್ ಮಾಡಿಕೊಟ್ಟಿತ್ತು. ದೋಣಿ ಹೊರಡುವಾಗ ಸಂಘದ ಗುಮಾಸ್ತ ಒಂದು ಗುಂಡಿ ಒತ್ತುತ್ತಾನೆ, ಮರಳಿದಾಗ ಇನ್ನೊಂದು. ಮೀನು ಹರಾಜಿನ ಶೆಡ್ಡಿನಲ್ಲಿ ನೇತುಹಾಕಿದ ದೊಡ್ಡ ಪರದೆಯಲ್ಲಿ ಕಡಲಲ್ಲಿರುವ ದೋಣಿಗಳು ಮಾಲೀಕರ ಹೆಸರಿನಲ್ಲಿ ಒಂದು ಕಡೆ, ದಡಕ್ಕೆ ಬಂದವು ಇನ್ನೊಂದು ಕಡೆ. ಬುಟ್ಟಿ ಇಟ್ಟುಕೊಂಡು ಕಾಯುವ ಹೆಂಗಸರು ಅದನ್ನೇ ನೋಡುತ್ತ ಕೂರುತ್ತಿದ್ದರು.

ಪ್ರೋಗ್ರಾಮ್ ಬರೆದವಳು ನಾನೇ. ಡೇಟಾಬೇಸಿನ ಪ್ರತಿ ಟೇಬಲ್ಲಿಗೂ ಪ್ರೋಗ್ರಾಮಿನೊಳಗೆ ಅದರ ಪಡಿಯಚ್ಚಿನಂಥ ಒಂದು ಎಂಟಿಟಿ ಕ್ಲಾಸ್ ಬೇಕು. ಅದರ ಚಿಲ್ಲರೆ ಸಾಲುಗಳನ್ನೆಲ್ಲ ಕೈಯಲ್ಲಿ ಬರೆಯುವುದು ಕತ್ತೆ ಚಾಕರಿ. ಕ್ಲಾಸಿನ ನೆತ್ತಿಯ ಮೇಲೆ ಅನೊಟೇಶನ್ ಎಂಬ ಒಂದು ಪದದ ಸೂಚನೆ ಹಾಕಿದರೆ ಆ ಸಾಲುಗಳು ತಾವಾಗಿ ಹುಟ್ಟುತ್ತವೆ, ಕಣ್ಣಿಗೂ ಬೀಳುವುದಿಲ್ಲ. ಇದು ಅದೇ ದೋಣಿಯೇ ಎಂದು ಗುರುತು ಹಿಡಿಯುವ ಸಾಲುಗಳೂ ಹಾಗೆ ಹುಟ್ಟಿದವೇ. ಎಡವಟ್ಟಾದದ್ದು ಅಲ್ಲೇ. ಅವು ದೋಣಿಯ ವಿವರಗಳನ್ನೆಲ್ಲ ಕೂಡಿಸಿ ಗುರುತು ಮಾಡಿಕೊಳ್ಳುತ್ತಿದ್ದವು, ಡೇಟಾಬೇಸ್ ಆಮೇಲೆ ಕೊಡುವ ಸಂಖ್ಯೆಯನ್ನೂ ಸೇರಿಸಿ. ಸಂಖ್ಯೆ ಸಿಕ್ಕ ಕೂಡಲೇ ಗುರುತು ಬದಲಾಗುತ್ತಿತ್ತು. ದೋಣಿ ಮರಳಿದಾಗ ಹುಡುಕಿದರೆ, ಕಡಲಲ್ಲಿರುವವರ ಗುಂಪಿನಲ್ಲಿದ್ದೂ ಸಿಗುತ್ತಿರಲಿಲ್ಲ. ಸಿಗದ್ದನ್ನು ತೆಗೆಯುವುದು ಹೇಗೆ? ಹೀಗೆ ದಡ ಸೇರಿದ ಎಷ್ಟೋ ದೋಣಿಗಳು ಪರದೆಯ ಮೇಲೆ ಕಡಲಲ್ಲೇ ಉಳಿದವು.

ನಮ್ಮ ಕಸುಬಿನವರು ಮೇಲಿಂದ ಮೇಲೆ ಮಾಡುವ ತಪ್ಪು ಇದು. ಅನೊಟೇಶನ್ ಕಿತ್ತು ಆ ಸಾಲುಗಳನ್ನು ಕೈಯಾರೆ ಬರೆದೆ, ಪರೀಕ್ಷಿಸಿದೆ, ಎಣ್ಣೂರಿಗೆ ನಾನೇ ಹೋಗಿ ಹಾಕಿಕೊಟ್ಟೆ. ಮಟಮಟ ಮಧ್ಯಾಹ್ನ. ನೋಡನೋಡುತ್ತ ದೋಣಿಗಳೆಲ್ಲ ದಡದ ಕಡೆಗೆ ಬಂದವು. ಒಂದು ಮಾತ್ರ ಬರಲಿಲ್ಲ. ಅದು ಏಳುಮಲೈ ಎಂಬುವವನದು.

ಆತ ಪರದೆಯ ಕೆಳಗೇ ಬಲೆ ಹೊಲಿಯುತ್ತ ಕೂತಿದ್ದ. ದೂರಕ್ಕೆ ಹೋಗದೆ, ಒಬ್ಬನೇ ಏಡಿ ಬಲೆ ಬಿಟ್ಟು ಬರುವ ಮನುಷ್ಯ. ಪರದೆಯ ಕಡಲಲ್ಲಿದ್ದ ತನ್ನ ಹೆಸರಿಗೆ ತಾನೇ ಕೈಬೀಸಿ ನಕ್ಕ. ನಾನೂ ನಕ್ಕೆ. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ, ಹೆಸರು ಹೋಯಿತು. ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಅಲ್ಲೇ ಇತ್ತು. ಡೇಟಾಬೇಸ್ ತೆರೆದರೆ ಆತ ಮರಳಿದ್ದು ಸರಿಯಾಗಿಯೇ ದಾಖಲಾಗಿತ್ತು. ಪ್ರೋಗ್ರಾಮಿನೊಳಗೆ ಕಡಲಲ್ಲಿರುವವರ ಗುಂಪನ್ನು ತೆಗೆದು ನೋಡಿದರೆ ಖಾಲಿ. ಬೇರೆ ಟಿವಿ ತಂದು ಜೋಡಿಸಿದೆವು, ಅದರಲ್ಲೂ ಅವನದೊಂದೇ ಹೆಸರು.

ಏಳುಮಲೈಯ ಹೆಂಡತಿ ಶಾಂತಿ ಅದೇ ಶೆಡ್ಡಿನಲ್ಲಿ ಮೀನು ಮಾರುತ್ತಿದ್ದಳು. ನಾನು ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳಾದ್ದರಿಂದ ಅವಳ ತಮಿಳಿನ ಒಂದು ಮಾತೂ ನನಗೆ ತಪ್ಪಲಿಲ್ಲ. "ಅಕ್ಕಾ, ಅವರನ್ನ ಕಡಲಿಂದ ಎತ್ತಿಬಿಡಿ. ಆ ಹೆಸರು ಅಲ್ಲಿರೋವರೆಗೂ ಅವರನ್ನ ಕಳಿಸಲ್ಲ ನಾನು," ಅಂದಳು.

"ಯಂತ್ರದ ತಪ್ಪಮ್ಮ ಅದು. ನಿನ್ನ ಗಂಡನಿಗೂ ಅದಕ್ಕೂ ಏನೂ ಇಲ್ಲ," ಅಂದೆ. ಹೇಳುವಾಗ ಅದನ್ನೇ ನಂಬಲು ಪ್ರಯತ್ನಪಡುತ್ತಿದ್ದೆ.

ಆಫೀಸಿಗೆ ಮರಳಿ ದಿನಗಟ್ಟಲೆ ತಲೆ ಕೆಡಿಸಿಕೊಂಡೆ. ಜೊತೆಯವರೂ ಸಾಲು ಸಾಲಾಗಿ ನೋಡಿದರು. ಅವರಿಗೂ ಏನೂ ಸಿಗಲಿಲ್ಲ. ಅಷ್ಟು ದಿನವೂ ಶಾಂತಿ ಗಂಡನನ್ನು ಮನೆಯಲ್ಲೇ ಹಿಡಿದಿಟ್ಟಿದ್ದಳು. ಆದರೆ ಅಂದಂದಿನ ಬಲೆಯಿಂದಲೇ ಅಂದಂದಿನ ಅಡುಗೆಯಾಗುವ ಮನೆ ಅದು. ಕೊನೆಗೊಂದು ಬೆಳಿಗ್ಗೆ ಅವಳು ಮಾರ್ಕೆಟ್ಟಿಗೆ ಹೋದಾಗ ಏಳುಮಲೈ ದೋಣಿ ತಳ್ಳಿಕೊಂಡು ಹೋದ. ಗಾಳಿಯಿರಲಿಲ್ಲ, ಅಲೆಯೂ ಇರಲಿಲ್ಲವಂತೆ. ಬೇರೆಯವರಿಗೆ ಸಿಕ್ಕಿದ್ದು ದೋಣಿಯೊಂದೇ. ಬಲೆಯನ್ನು ಅರ್ಧ ಮೇಲೆಳೆದಾಗಿತ್ತು.

ಸಂಜೆ, ಕಡಲಲ್ಲಿ ಇನ್ನೂ ಹುಡುಕಾಟ ನಡೆದಿರುವಾಗಲೇ ಗುಮಾಸ್ತ ನನಗೆ ಫೋನ್ ಮಾಡಿದ. ಏಳುಮಲೈಯ ಹೆಸರು ದಡಕ್ಕೆ ಬಂದವರ ಕಡೆಗೆ ಸರಿದಿದೆ, ತಾನು ಗುಂಡಿ ಮುಟ್ಟಿಲ್ಲ ಎಂದು ಆಣೆ ಮಾಡಿದ. ನಾನು ಆಫೀಸಿನಿಂದಲೇ ಡೇಟಾಬೇಸ್ ನೋಡಿದೆ. ಬೆಳಿಗ್ಗೆ ಹೊರಟದ್ದಿತ್ತು, ಮರಳಿದ್ದು ಇರಲಿಲ್ಲ.

ಏಳುಮಲೈ ಇವತ್ತಿನವರೆಗೂ ಸಿಕ್ಕಿಲ್ಲ. ಸಂಘದವರು ಆ ಪರದೆಯನ್ನು ತೆಗೆಸಿಬಿಟ್ಟರು. ಕಾರಣ ಕೇಳುವವರಿಗೆ ನಾನು ಅದೂ ಇದೂ ಹೇಳಿ ತಪ್ಪಿಸಿಕೊಳ್ಳುತ್ತೇನೆ. ಆದರೆ ಆ ಸಂಜೆ ಗುಮಾಸ್ತನ ಕೈಯಿಂದ ಫೋನ್ ಇಸಿದುಕೊಂಡು ಶಾಂತಿ ನನ್ನನ್ನು ಕೇಳಿದ್ದಕ್ಕೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ. ಅವಳು ಅಳುತ್ತಿರಲಿಲ್ಲ.

"ಅಕ್ಕಾ, ಅವತ್ತು ಯಂತ್ರದ ತಪ್ಪು ಅಂದ್ರಿ. ಇವತ್ತು ದಡಕ್ಕೆ ಬಂದಿದ್ದಾರೆ ಅಂತ ತೋರಿಸ್ತಿದೆ. ಇದೂ ತಪ್ಪೇನಕ್ಕಾ?"

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಅಲ್ಲ ಎಂದಿದ್ದರೆ ಅವಳು ಆ ಕತ್ತಲಲ್ಲೇ ದಡದುದ್ದಕ್ಕೂ ಗಂಡನನ್ನು ಹುಡುಕುತ್ತ ಹೋಗಿಬಿಡುತ್ತಿದ್ದಳು. ಕೊನೆಗೆ ಅವಳೇ ಫೋನ್ ಇಟ್ಟಳು.